ಎರಡು ನಿಮಿಷ ಕಾಯದ ಮೂಗು

ನಾನು ಹೇಳುತ್ತಿರುವುದು ಅಪ್ಪಟ ನಿಜ. ಒಂದೇ ತೊಡಕು, ಇದಿನ್ನೂ ನಡೆದಿಲ್ಲ. ನಡೆಯುವುದು ೨೦೫೭ರ ಡಿಸೆಂಬರಿನ ಒಂದು ಚಳಿಯ ಬೆಳಿಗ್ಗೆ, ಮೈಸೂರಿನ ಹೊರಗಿನ ಹೊಗೆ ತಪಾಸಣೆಯ ಅಂಗಳದಲ್ಲಿ.

ರಾತ್ರಿಯೆಲ್ಲ ಅಲ್ಲೇ ತಣ್ಣಗೆ ನಿಂತಿದ್ದ ಕೆಂಪು ಸ್ಪೋರ್ಟ್ಸ್ ಕಾರೊಂದು ಕೆಮ್ಮಿ ಎದ್ದಿತು. ಹಿಂದಿನ ಕೊಳವೆಯ ಹತ್ತಿರ ಮೂತಿ ಚಾಚಿದ್ದ ಯಂತ್ರ ಒಮ್ಮೆ ಮೂಸಿ ನುಡಿಯಿತು: "ನೀಲಿ ಹೊಗೆ. ಎಂಜಿನ್ನು ಎಣ್ಣೆ ಕುಡಿಯುತ್ತಿದೆ. ಗುಜರಿಗೆ." ಅದರ ಕಬ್ಬಿಣದ ಕೈ ಕಾರಿಗೆ ಹಳದಿ ಚೀಟಿ ಅಂಟಿಸಿತು.

ಅದೇ ಹೊಗೆಮೂಗು. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚು, ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಸಿಹಿ ವಾಸನೆಯ ಬಿಳಿಯಾದರೆ ಎಂಜಿನ್ನನ್ನು ತಂಪಾಗಿಡುವ ದ್ರಾವಣ ಸೋರುತ್ತಿದೆ. ಎಲ್ಲವನ್ನೂ ಕ್ಷಣದಲ್ಲಿ ಪತ್ತೆಹಚ್ಚುತ್ತಿತ್ತು. ಅದು ಬಂದ ಮೇಲೆ ಊರಿನ ಮಕ್ಕಳ ಕೆಮ್ಮು ಅರ್ಧಕ್ಕಿಳಿದಿತ್ತು. ಸದಾ ಗುಲ್ಕನ್ ಬೀಡಾ ಜಗಿಯುವ ಡಾ. ಪದ್ಮಪ್ರಸಾದ್ ಅದನ್ನು ಕಂಡುಹಿಡಿದು, ತಮ್ಮದೇ ದನಿ ಕೊಟ್ಟಿದ್ದರು. ಅದರ ಮಾತೇ ಕೊನೆಯೆಂದು ಕಾನೂನಾಗಿತ್ತು.

ಕಾರಿನ ಒಡತಿ ಬೊಳ್ಳಮ್ಮನಿಗೆ ಎಪ್ಪತ್ತೆರಡು. ಒಂದು ಕಾಲದ ರೇಸ್ ಚಾಲಕಿ. ಗೆದ್ದದ್ದೆಲ್ಲ ಈ ಕಾರಿನಲ್ಲೇ. ಸಂಜೆಯೊಳಗೆ ಅದು ಕಬ್ಬಿಣದ ಇಟ್ಟಿಗೆಯಾಗಲಿತ್ತು. ಅಂಗಳದಲ್ಲೇ ಇದ್ದ ವಿಜ್ಞಾನಿಯನ್ನು ಆಕೆ ಅಡ್ಡಗಟ್ಟಿದರು.

"ಡಾಕ್ಟ್ರೇ, ಎಂಜಿನ್ ಗಟ್ಟಿಯಾಗಿದೆ. ನಾನೇ ಬಿಚ್ಚಿ ಜೋಡಿಸಿದ್ದು."

"ವಾರಕ್ಕೆ ಎಷ್ಟು ಸಲ ಓಡಿಸ್ತೀರಮ್ಮಾ?"

"ಸವೆದುಹೋಗತ್ತೆ ಅಂತ ಓಡಿಸೋದೇ ಇಲ್ಲ. ಶುಕ್ರವಾರ ನಿಂಬೆಹಣ್ಣಿಟ್ಟು ಪೂಜೆ ಮಾಡಿ, ಒಂದ್ ಗಳಿಗೆ ಸ್ಟಾರ್ಟ್ ಮಾಡಿ, ಮತ್ತೆ ಕಂಬಳಿ ಹೊದಿಸಿಬಿಡ್ತೀನಿ."

ಡಾಕ್ಟರು ಹಣೆ ಚಚ್ಚಿಕೊಂಡರು. ಸುಮ್ಮನೆ ನಿಂತ ಎಂಜಿನ್ನಿನ ಕವಾಟಗಳ ರಬ್ಬರು ಒಣಗಿ, ಎಣ್ಣೆ ಹನಿಹನಿಯಾಗಿ ಒಳಗಿಳಿಯುತ್ತದೆ. ಸ್ಟಾರ್ಟ್ ಮಾಡಿದೊಡನೆ ಅದು ಉರಿದು ನೀಲಿ ಹೊಗೆ. "ಎರಡು ನಿಮಿಷ ಬಿಟ್ರೆ ತಾನೇ ನಿಲ್ಲತ್ತೆ. ರಬ್ಬರ್ ಬದಲಾಯಿಸಿದ್ರೆ ಸಾಕಿತ್ತು."

"ಹಾಗಾದ್ರೆ ಎರಡು ನಿಮಿಷ ಕಾಯೋಕೆ ಹೇಳಿ ಅದಕ್ಕೆ."

"ಕೇಳಲ್ಲಮ್ಮ. ಜನ ಎಂಜಿನ್ ಬಿಸಿ ಮಾಡ್ಕೊಂಡು ಬಂದು ಮೋಸ ಮಾಡ್ತಾರೆ ಅಂತ, ರಾತ್ರಿಯೆಲ್ಲ ಇಲ್ಲೇ ನಿಲ್ಲಿಸಿ ತಣ್ಣಗಾದ ಮೇಲೆ ಮೊದಲ ಉಸಿರು ಮಾತ್ರ ನೋಡು ಅಂತ ನಾನೇ ಕಲಿಸಿದ್ದು. ಚೀಟಿ ಅಂಟಿದ ಮೇಲೆ ನನ್ನ ಕೈಲೂ ಏನಿಲ್ಲ."

ಅಂಗಳದ ಆ ತುದಿಯಿಂದ ಕ್ರೇನು ಹೊರಟಿತು. ಬೊಳ್ಳಮ್ಮ ಅದನ್ನು ನೋಡಿದರು, ಬೀಡಾ ತುಂಬಿ ಉಬ್ಬಿದ ಡಾಕ್ಟರ ಕೆನ್ನೆಯನ್ನೂ ನೋಡಿದರು.

"ಅದರ ಮೂತೀಲಿ ಧೂಳು ಕೂತಿರ್ಬೇಕು. ಒಂದ್ಸಲ ಊದಿ ನೋಡಿ."

ಡಾಕ್ಟರು ಪಾಪ, ಬಗ್ಗಿ ಊದಿದರು. ಚಳಿಗೆ ಬಿಳಿಯ ಆವಿ; ಆವಿಯ ತುಂಬ ಗುಲ್ಕನ್ನಿನ ಸಿಹಿ ವಾಸನೆ.

"ಸಿಹಿ ಬಿಳಿ ಹೊಗೆ," ಎಂದಿತು ಅವರದೇ ದನಿ. "ಒಳಗೆ ಸೋರಿಕೆ. ರಿಪೇರಿ ಮಾಡಿದರೂ ದಂಡ. ಗುಜರಿಗೆ." ಕಬ್ಬಿಣದ ಕೈ ಅವರ ಎದೆಗೆ ಚೀಟಿ ಒತ್ತಿತು.

"ಚೀಟಿ ಅಂಟಿದ ಮೇಲೆ ನನ್ನ ಕೈಲೂ ಏನಿಲ್ಲ," ಎಂದು ಬೊಳ್ಳಮ್ಮ ಡಾಕ್ಟರ ದನಿಯನ್ನೇ ತೆಗೆದು ಹೇಳಿದರು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಎರಡು ನಿಮಿಷ ಕಳೆದಿತ್ತು. ಕಾರು ಇನ್ನೂ ಗುರುಗುಡುತ್ತಿತ್ತು; ಕೊಳವೆಯಲ್ಲಿ ಒಂದೆಳೆ ಹೊಗೆಯಿರಲಿಲ್ಲ. ಕ್ರೇನಿಗೆ ಮೂಗಿಲ್ಲ, ಅದು ಚೀಟಿ ನೋಡಿ ಕಾರನ್ನು ಎತ್ತಿತು. ಬೊಳ್ಳಮ್ಮ ಮಡಿಸಿದ ಕಂಬಳಿಯನ್ನು ಅವಚಿಕೊಂಡು ನಿಂತರು.

ಹೊಗೆಮೂಗಿಗೆ ಕಾಯುವುದನ್ನು ಕಲಿಸಲು ನಮಗೆ ಇನ್ನೂ ಮೂವತ್ತು ವರ್ಷವಿದೆ. ಆ ಬೆಳಿಗ್ಗೆ ಮಾತ್ರ ಎಲ್ಲರ ನಗುವೂ ನಿಂತ ಮೇಲೆ, ಎದೆಯ ಚೀಟಿ ಕೀಳಲು ಬಾರದೆ, ಕಣ್ಣೊರೆಸಿಕೊಳ್ಳುತ್ತ, ಡಾಕ್ಟರೊಬ್ಬರೇ ಜೋರಾಗಿ ನಗುತ್ತಿದ್ದರು.