ಸಡಿಲವಾಗಿದ್ದ ಹೊದಿಕೆಯ ತುದಿ

ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ನಾನು ಮೊದಲ ಸಲ ಪ್ರವಾಸಿ ಹಡಗು ಹತ್ತಿದೆ, ಮಗಳ ಜೊತೆ. ನನ್ನವರು ಇದೇ ಕಂಪನಿಯ ಹಳೆಯ ಹಡಗೊಂದರಲ್ಲಿ ಕೋಣೆಗಳ ಹಾಸಿಗೆ ಹಾಸುತ್ತಿದ್ದರು. "ಒಂದ್ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ ಕಣೇ" ಎನ್ನುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಕೆಲಸಕ್ಕೆ ಹೋದವರು ಮರಳಲಿಲ್ಲ. ಯಾವುದೋ ಬಂದರಿನಲ್ಲಿ ಇಳಿದು ಹೋದರೆಂದು ಕಂಪನಿ ಹೇಳಿತು. ಮಗಳು ನಂಬಿದಳು, ನಾನು ನಂಬಲಿಲ್ಲ. ಆ ಹಡಗನ್ನು ಎಂದೋ ಒಡೆದು ಗುಜರಿಗೆ ಹಾಕಿದ್ದಾರೆ.

ಹಡಗಿನಲ್ಲಿ ಹೊದಿಕೆಯನ್ನು ಸುತ್ತಲೂ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸುತ್ತಾರೆ. ಮನೆಯಲ್ಲಿ ನನ್ನವರೂ ಹಾಗೇ ಮಾಡುತ್ತಿದ್ದರು, ನನ್ನ ಎಡಗಾಲಿನ ಕಡೆಯ ತುದಿಯೊಂದನ್ನು ಬಿಟ್ಟು. ನನಗೆ ಅಂಗಾಲು ಉರಿ. ಕಾಲು ಹೊರಗಿಡದೆ ನಿದ್ದೆ ಬಾರದು.

ಮರುದಿನ ಊಟ ಮುಗಿಸಿ ಕೋಣೆಗೆ ಬಂದರೆ ನನ್ನ ಹೊದಿಕೆಯ ಅದೇ ತುದಿ ಸಡಿಲವಾಗಿತ್ತು. ಮುಟ್ಟಿದರೆ ಆಗತಾನೆ ಇಸ್ತ್ರಿ ಮಾಡಿದಂತೆ ಬೆಚ್ಚಗಿತ್ತು. ಕೋಣೆ ನೋಡಿಕೊಳ್ಳುವವನನ್ನು ಕೇಳಿದೆ.

"ನಾನಿನ್ನೂ ಈ ಕಡೆ ಬಂದೇ ಇಲ್ವಲ್ಲಮ್ಮ" ಎಂದ.

"ನೀನೇ ಒದ್ದು ಬಿಚ್ಚಿರ್ತೀಯ ಬಿಡು" ಎಂದು ಮಗಳು ನಕ್ಕು, ತಾನೇ ಬಿಗಿಯಾಗಿ ಸಿಕ್ಕಿಸಿ ಬಾಗಿಲು ಹಾಕಿದಳು. ಸಂಜೆ ಬಂದು ನೋಡಿದರೆ ಮತ್ತೆ ಸಡಿಲ. ಈ ಸಲ ಅವಳು ನಗಲಿಲ್ಲ.

"ಬದುಕಿದ್ರೆ ಒಂದು ಫೋನಾದ್ರೂ ಮಾಡ್ತಿರ್ಲಿಲ್ವೇನಮ್ಮ?"

"ಅದಕ್ಕೇ ಹೇಳೋದು, ಅವರು ಎಲ್ಲೂ ಇಳಿದು ಹೋಗಿಲ್ಲ ಅಂತ" ಎಂದೆ.

ಹಡಗು ದಡ ಸೇರಿದಾಗ ನಾನು ಮುಂದೆ ಇಳಿದೆ. ಹಿಂದಿದ್ದ ಮಗಳು ಮೆಟ್ಟಿಲ ಬಳಿ ನಿಂತು, ಕೋಣೆಗಳ ನಡುವಿನ, ಯಾರೂ ಇಲ್ಲದ ಓಣಿಯತ್ತ ತಿರುಗಿ, "ಬರ್ತೀವಿ ಅಪ್ಪ" ಎಂದಳು. ಅಪ್ಪ ಎಂಬ ಮಾತು ಅವಳ ಬಾಯಲ್ಲಿ ಕೇಳಿ ವರ್ಷಗಳಾಗಿದ್ದವು. ಏನು ಕಂಡಳೋ, ನಾನು ಕೇಳಲಿಲ್ಲ. ನಾವಿಬ್ಬರೇ ಮನೆಗೆ ಹೊರಟೆವು.