ಕೆಲಸವಿಲ್ಲದ ರೇವಪ್ಪ

ಅದು 2001ರ ಫೆಬ್ರವರಿ. ಚಳಿ ಹೋಗಿ ಬಿಸಿಲು ಇನ್ನೂ ಬಲಿಯದ ದಿನಗಳು. ಹೊತ್ತು ಮಧ್ಯಾಹ್ನದ ಮೂರು. ರಬಕವಿಯ ಆ ಓಣಿಯಲ್ಲಿ ಮಗ್ಗಗಳೆಲ್ಲ ಬಡಿಯುತ್ತಿದ್ದವು, ಶೇವಂತಿಯದೊಂದೇ ನಿಂತಿತ್ತು. ಹಳೆಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆ, ತೀರಿತ್ತು. ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಎರಡು ಸಾವಿರ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಆ ಕಡೆ ರೇವಪ್ಪ, ಈ ಕಡೆ ಶೇವಂತಿ ಕುಳಿತಿದ್ದರು.

ಜನಗಣತಿಗೆ ಬಂದ ಚನಮಲ್ಲಪ್ಪ ಮಾಸ್ತರರು ಶೇವಂತಿಯ ತಾಯಿ ತಾಯವ್ವನ ಹೆಸರು, ಶೇವಂತಿಯ ಹೆಸರು ಬರೆದುಕೊಂಡರು. ಮನೆಯ ಗಂಡಸೆಂದು ತಿಳಿದು ರೇವಪ್ಪನ ಕಡೆ ತಿರುಗಿದರು.

"ನಿಮ್ಮ ಕೆಲಸ ಏನ್ರಿ?"

"ಏನೂ ಇಲ್ರಿ. ಸುಮ್ಮ ಕುಂತೇನಿ," ಎಂದ ರೇವಪ್ಪ, ಎಳೆಯಿಂದ ಕಣ್ಣೆತ್ತದೆ.

ಶೇವಂತಿಗೆ ಮೈಯೆಲ್ಲ ಉರಿಯಿತು. "ಮುಂಜಾನಿಂದ ಎಂಟನೂರ ಎಳಿ ಕೆಚ್ಯಾನ್ರಿ ಮಾಸ್ತರ. ಇದಕ್ಕ ಸುಮ್ಮ ಕುಂಡ್ರೂದು ಅಂತಾರೇನ್ರಿ?"

"ಪಗಾರ ಎಲ್ಲಿ ತೊಗೊಂಡೇನಿ?"

ಗಲಗಲಿಯ ಆಚೆ ರೇವಪ್ಪನ ಊರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತ್ತು. ಮುಳುಗಡೆಯ ಸರ್ಟಿಫಿಕೇಟಿನ ಮೇಲೆ ಸರಕಾರಿ ನೌಕರಿ ಸಿಗುತ್ತದೆಂದು ಇದೇ ಊರಿನಲ್ಲಿದ್ದ ತನ್ನ ಅಕ್ಕ ಮಹಾದೇವಿಯ ಮನೆಯಲ್ಲಿ ನಾಲ್ಕು ವರ್ಷದಿಂದ ಕಾಯುತ್ತಿದ್ದ. ಬೇರೆ ಕೆಲಸಗಾರನೆಂದು ಎಲ್ಲಿಯಾದರೂ ದಾಖಲಾದರೆ ಅದು ರದ್ದಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿದ್ದ. ಹಾಗಾಗಿ ಪಗಾರ ಬೇಡವೆನ್ನುತ್ತಲೇ ಶೇವಂತಿಯ ಮಗ್ಗದ ಬಳಿ ಇಡೀ ದಿನ ದುಡಿಯುತ್ತಿದ್ದ. ಶೇವಂತಿ ತಮ್ಮ ಮದುವೆಯ ಮಾತೆತ್ತಿದರೆ "ನೌಕರಿ ಆಗ್ಲಿ" ಎನ್ನುತ್ತಿದ್ದ. ಇತ್ತ ಶೇವಂತಿಗೆ ಲೋಕಾಪುರದಿಂದ ಬಂದ ಒಂದು ಸಂಬಂಧಕ್ಕೆ ತಾಯವ್ವ ತಿಂಗಳೊಳಗೆ ಉತ್ತರ ಹೇಳಬೇಕಿತ್ತು.

ಮಾಸ್ತರರು ಪೆನ್ನು ನಿಲ್ಲಿಸಿದರು. "ಮನಿಯವರಾದ್ರ ಪಗಾರ ಇಲ್ಲದಿದ್ರೂ ಕೆಲಸಗಾರ ಅಂತ ಬರೀತೀನಿ. ಇಲ್ಲಾಂದ್ರ ಇವರು ಇರೂ ಮನ್ಯಾಗ ಕೆಲಸ ಇಲ್ಲದಾಂವ ಅಂತ ಬರ್ಯೂದು. ಇವರು ಈ ಮನಿಯವರೇನು?"

ಎಳೆಗಳ ನಡುವಿನಿಂದ ಶೇವಂತಿ ಅವನನ್ನು ನೋಡಿದಳು. ಅವನ ಕಿವಿಗಳು ಕೆಂಪಾಗಿದ್ದವು. ಬೆರಳಲ್ಲಿದ್ದ ಎಳೆ ಕಡಿದುಹೋಯಿತು.

"ಅಲ್ರಿ," ಎಂದ.

"ಬರದದ್ದು ಮತ್ತೊಮ್ಮೆ ತಾಳೆ ನೋಡಾಕ ಮಾರ್ಚ್ ಒಂದಕ್ಕ ಬರ್ತೀನಿ," ಎಂದು ಮಾಸ್ತರರು ಹೋದರು.

"ನೀನೂ ಏಳು," ಎಂದಳು ಶೇವಂತಿ. "ಹೊರಗಿನವರನ್ನ ಪುಗಸಟ್ಟೆ ದುಡಿಸ್ಕೊಳ್ಳೂದಿಲ್ಲ ನಾವು."

"ಇನ್ನ ಐನೂರ ಎಳಿ ಉಳದಾವು..."

"ಹೋಗು, ಸರ್ಟಿಫಿಕೇಟ ಮುಂದಿಟ್ಕೊಂಡು ಕುಂಡ್ರು!"

ಎಂಟು ದಿನ ಅವನು ಬರಲಿಲ್ಲ. ಉಳಿದದ್ದನ್ನೆಲ್ಲ ಅವಳೊಬ್ಬಳೇ ಕೆಚ್ಚಿದಳು. ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ತಲೆಯೆತ್ತುವಳು, ಮರುಕ್ಷಣ ತನ್ನ ಮೇಲೆಯೇ ಸಿಟ್ಟಾಗುವಳು.

ತಿಂಗಳ ಕಡೆಯ ದಿನ ಸಂಜೆ ಬಂದ. ಅಂಗಿಯ ತುಂಬ ಬಸ್ಸಿನ ಧೂಳು. ಕುಳಿತು ಲಾಳಿಗೆ ಬೇಕಾದ ನೂಲು ಸುತ್ತತೊಡಗಿದ.

"ಬೀಳಗಿಯ ಮುಳುಗಡಿ ಆಫೀಸಿಗೆ ಹೋಗಿದ್ದೆ. ಕೆಲಸ ಮಾಡಿದ್ರ ರದ್ದಾಗತೈತೇನಂತ ಕೇಳಾಕ."

"ಏನಂದ್ರು?"

"ನಾ ಕೇಳಲೇ ಇಲ್ಲ."

"ಅಯ್ಯ ನಿನ್ನ! ಅಷ್ಟು ದೂರ ಹೋಗಿ?"

"ಬೇವಿನ ಗಿಡದ ಬುಡಕ ಐವತ್ತು ಮಂದಿ ಕುಂತಿದ್ರು. ಎಲ್ಲಾರ ಕೈಯಾಗೂ ನಂದರಂಗ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು. ಒಬ್ಬಾಂವಗ ಮೀಸಿ ಬೆಳ್ಳಗಾಗಿತ್ತು. 'ಬಾ ತಮ್ಮಾ, ಕುಂಡ್ರು' ಅಂತ ಜಾಗಾ ಸರಿಸಿದ. ನನಗ ಕುಂಡ್ರಾಕ ಆಗಲಿಲ್ಲ."

ಶೇವಂತಿ ಮಗ್ಗ ನಿಲ್ಲಿಸಿದಳು.

"ನಾಳೆ ಮಾಸ್ತರ ಬರ್ತಾರಲ್ಲ, ಅವರ ಮುಂದ ಹೇಳ್ತೀನಿ," ಎಂದ.

"ಮಾಸ್ತರಗ ಯಾಕ? ಮೊದಲ ನನಗ ಹೇಳು."

"ನಾ ಈ ಮನಿಯಾಂವ ಆಗ್ಲೇನು?"

"ಇಷ್ಟು ಮಾತಿಗೆ ನಾಕು ವರ್ಷ ಬೇಕಾತು ನಿನಗ," ಎಂದು ಮುಖ ತಿರುಗಿಸಿ ಲಾಳಿ ಹುಡುಕಿದಳು. ಲಾಳಿ ಅವಳ ಕೈಯಲ್ಲೇ ಇತ್ತು. ಅವನು ಅದನ್ನು ನೋಡಿ ಮತ್ತೆ ನೂಲು ಸುತ್ತತೊಡಗಿದ.

ಮರುದಿನ ಮಾಸ್ತರರು ಬಂದಾಗ ರೇವಪ್ಪನೇ ಎದ್ದು ನಿಂತ. "ಬರೀರಿ, ಈ ಮನಿಯಾಂವ. ನೇಕಾರ."

"ಲಗ್ನ ಯಾವಾಗ ಆತು?"

"ಬರೂ ಸೋಮವಾರ ಐತ್ರಿ," ಎಂದಳು ತಾಯವ್ವ.

"ಹಂಗಾದ್ರ ಬರಿಯಾಕ ಬರೂದಿಲ್ಲ. ಇವತ್ತಿಗೆ ಇವರು ಅಕ್ಕನ ಮನಿಯವರು. ಅಲ್ಲಿ ಕೆಲಸ ಇಲ್ಲದಾಂವ ಅಂತ ಬರದಾಗೇತಿ."

"ಅಂದ್ರ ಮುಂದಿನ ಗಣತಿ ತನಕ ಹತ್ತು ವರ್ಷ ಇಂವ ಖಾಲಿ ಕುಂತಾಂವನ ಏನ್ರಿ?" ಶೇವಂತಿ ಹಣೆ ಹಣೆ ಬಡಿದುಕೊಂಡಳು. ರೇವಪ್ಪ ಮಾತ್ರ ನಗುತ್ತ ಅವಳನ್ನೇ ನೋಡುತ್ತಿದ್ದ.

ಟ್ರಂಕು ಹೆಗಲಿಗೇರಿಸಿ ಅವನು ಅಕ್ಕನ ಮನೆ ಬಿಟ್ಟು ಶೇವಂತಿಯ ಮನೆಗೆ ಬಂದದ್ದು ಲಗ್ನದ ದಿನ, ಮಾರ್ಚ್ ಐದು, ಸೋಮವಾರ.