ಕಿತ್ತಳೆ ಕಾಳಿನ ಸಾಕ್ಷಿಗಳು

"ಡಾಕ್ಟರಮ್ಮಾ, ನಾನು ವಿಷ ಹಾಕಿಲ್ಲ!"

ಬೇಕರಿಯವರ ಸೊಸೆ ನಮ್ಮ ಆಸ್ಪತ್ರೆಯ ಲ್ಯಾಬಿಗೆ ನುಗ್ಗಿದಾಗ ಅವಳ ಮುಂಗೈಗೆ ಮೈದಾ ಮೆತ್ತಿತ್ತು. ಬೆನ್ನಿಗೇ ಇನ್ಸ್‌ಪೆಕ್ಟರ್. ಹಿಂದಿನ ಸಂಜೆ ಅವಳು ಮಾಡಿದ ಸೂಪು ಕುಡಿದ ಮಾವ, ಗಂಡ ಮತ್ತು ಒಲೆಯ ಆಳು ಮೂವರೂ ಜ್ವರದಿಂದ ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದಿದ್ದರು. ರೆಪ್ಪೆಗಳು ಊದಿ ಕಣ್ಣುಗಳು ಅರೆಮುಚ್ಚಿದ್ದವು, ತೋಳು ಎತ್ತಲಾಗದಷ್ಟು ನೋವು. ಸೂಪು ಮುಟ್ಟದ ಸೊಸೆ ಮಾತ್ರ ಗುಂಡುಕಲ್ಲಿನ ಹಾಗಿದ್ದಳು. ಅವಳೇ ವಿಷ ಹಾಕಿದ್ದೆಂದು ಮಾವ ದೂರು ಕೊಟ್ಟಿದ್ದರು.

"ಮೊದಲು ರಕ್ತಾನ ವಿಚಾರಿಸೋಣ, ಆಮೇಲೆ ಮನುಷ್ಯರನ್ನ" ಎಂದರು ಡಾಕ್ಟರಮ್ಮ.

ರಕ್ತವನ್ನು ಗಾಜಿಗೆ ಸವರಿ ಬಣ್ಣ ಹಾಕುವುದು ನನ್ನ ಕೆಲಸ, ತೀರ್ಪು ಕೊಡುವುದು ನನ್ನ ಚಟ. ಊಟ ಹಳಸಿದ್ದೇ ಕಾರಣವೆಂದು ಆಗಲೇ ತೀರ್ಮಾನಿಸಿದ್ದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನು ಡಾಕ್ಟರಮ್ಮನನ್ನು ಕೂಗಿ ಕರೆದೆ. ಮೂವರ ರಕ್ತದಲ್ಲೂ ಎಲ್ಲಿ ನೋಡಿದರೂ ಒಡಲ ತುಂಬ ಕಿತ್ತಳೆ ಬಣ್ಣದ ಕಾಳು ತುಂಬಿಕೊಂಡ ಬಿಳಿ ರಕ್ತಕಣಗಳು. ಆರೋಗ್ಯವಂತರಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟು ಸಿಗುವ ಅವು ಇಲ್ಲಿ ಜಾತ್ರೆಯಂತೆ ನೆರೆದಿದ್ದವು.

ಮಧ್ಯಾಹ್ನ ಡಾಕ್ಟರಮ್ಮ, ನಾನು ಸೊಸೆಯ ಜೊತೆ ಬೇಕರಿಗೆ ಹೋದೆವು. ಒಲೆಯ ಮೇಲೆ ಎರಡು ಕಾಡುಹಂದಿ ಕೋರೆಗಳು ನೇತಾಡುತ್ತಿದ್ದವು, ಬುಡದಲ್ಲಿ ಒಣಗಿದ ಮಾಂಸ ಇನ್ನೂ ಅಂಟಿತ್ತು.

"ಬ್ರೆಡ್ ತೆಗೆದ ಮೇಲೆ ಒಲೆ ಆರಿಸ್ತೀರಾ?" ಡಾಕ್ಟರಮ್ಮ ಕೇಳಿದರು.

"ಹೂಂ. ಆದ್ರೆ ಮಾವ ಕಾವು ದಂಡ ಮಾಡಲ್ಲ. ಉಳಿದ ಬಿಸಿಯಲ್ಲೇ ಏನಾದ್ರೂ ಬೇಯಿಸ್ಕೊಂಡು ಗಂಡಸರು ಮಾತ್ರ ತಿಂತಾರೆ" ಎಂದಳು ಸೊಸೆ.

ಸಂಜೆ ಎಲ್ಲರೂ ವಾರ್ಡಿನಲ್ಲಿ ಸೇರಿದರು. ಮೈಕ್ರೋಸ್ಕೋಪನ್ನು ನಾನೇ ಹೊತ್ತು ತಂದಿಟ್ಟೆ.

"ಬ್ಯಾಕ್ಟೀರಿಯಾ ಬಂದ್ರೆ ಬೇರೊಂದು ಬಗೆ ಬಿಳಿ ಕಣ ಓಡಿಬಂದು ಅದನ್ನ ನುಂಗಿಬಿಡುತ್ತೆ" ಎಂದು ಡಾಕ್ಟರಮ್ಮ ಶುರುಮಾಡಿದರು. "ಅವು ಇಲ್ಲಿ ಹೆಚ್ಚಿಲ್ಲ. ಹಾಗಾಗಿ ಹಳಸಿದ ಊಟ ಅಲ್ಲ. ಹುಳುವನ್ನ ನುಂಗೋಕಾಗಲ್ಲ, ಅದು ಕಣಕ್ಕಿಂತ ಎಷ್ಟೋ ದೊಡ್ಡದು. ಆಗ ಈ ಕಿತ್ತಳೆ ಕಾಳಿನವು ಸುತ್ತುಗಟ್ಟಿ ಅದರ ಮೈಮೇಲೆ ತಮ್ಮ ವಿಷ ಸುರೀತಾವೆ. ಇಷ್ಟೊಂದು ದಂಡು ಜಮಾಯಿಸೋಕೆ ದಿನಗಟ್ಟಲೆ ಬೇಕು. ನಿನ್ನೆ ಸೂಪಿಗೆ ಇವತ್ತೇ ಬರಲ್ಲ."

"ಹುಳು ಎಲ್ಲಿಂದ ಬಂತು?" ಎಂದರು ಇನ್ಸ್‌ಪೆಕ್ಟರ್.

"ಮೂವರಿಗೂ ಒಟ್ಟಿಗೇ ರೆಪ್ಪೆ ಊತ, ಮಾಂಸಖಂಡದಲ್ಲಿ ನೋವು. ಇದು ಅರೆಬೆಂದ ಹಂದಿ ಮಾಂಸದ ಹುಳು. ಯಜಮಾನ್ರೇ, ಆ ಕೋರೆಯ ಹಂದೀನ ಎಲ್ಲಿ ಬೇಯಿಸಿದ್ರಿ?"

ಮಾವ ಇನ್ಸ್‌ಪೆಕ್ಟರನ್ನು ನೋಡಿ ದನಿ ತಗ್ಗಿಸಿದರು. "ಕದ್ದು ಬೇಟೆಯಾಡಿದ್ದು... ಅದಕ್ಕೇ ಬಾಯಿ ಬಿಡಲಿಲ್ಲ. ಆರಿದ ಒಲೆಯಲ್ಲೇ ಇಟ್ಟಿದ್ದೆ. ಮೇಲೆ ಕೆಂಪಗೆ ಬೆಂದಿತ್ತು... ಒಳಗೆ ಹಸಿ ಇತ್ತೇನೋ. ಮೂವರೂ ತಿಂದ್ವಿ. ಅದು ವಾರಗಳ ಹಿಂದಿನ ಮಾತು, ಅದರಿಂದ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ."

ಗಂಡ ಗೋಡೆಯ ಕಡೆ ಹೊರಳಿದ. ಹೆಂಡತಿಯ ಮೇಲೆ ಆರೋಪ ಬಂದಾಗ ಅವನೂ ಬೇಟೆಯ ವಿಷಯ ಮುಚ್ಚಿಟ್ಟನಲ್ಲ ಎಂದು ನನಗೆ ರೇಗಿಹೋಯಿತು.

"ಇವರು ಉಳೀತಾರಾ?" ಸೊಸೆ ಕೇಳಿದಳು.

"ಔಷಧಿ ಇದೆ. ಉಳೀತಾರೆ."

"ನಿನ್ನ ಮೇಲೆ ಗೂಬೆ ಕೂರಿಸಿಬಿಟ್ಟೆ, ತಪ್ಪಾಯ್ತಮ್ಮ" ಎಂದರು ಮಾವ.

ಅವಳು ಮೈಕ್ರೋಸ್ಕೋಪಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಕಣ್ಣಿಲ್ಲ, ಕಿವಿಯಿಲ್ಲ. ಆದ್ರೂ ನಿಮ್ಮ ರಕ್ತಕ್ಕೆ ಶತ್ರು ಯಾರು ಅಂತ ಗೊತ್ತಾಯ್ತು. ನಿಮಗೆ ಗೊತ್ತಾಗ್ಲಿಲ್ವಲ್ಲ ಮಾವ."